ಮೂರು ತರಕಾರಿ, ಒಂದು ಹಸಿರು ನಕ್ಷೆ

ಬೀಳ್ಕೊಡುಗೆ ಸಭೆಗಳಲ್ಲಿ ಹೇಳುವ ಕಥೆಗಳನ್ನು ನಾನು ನಂಬುವುದಿಲ್ಲ. ಕೊರಳಿಗೆ ಹಾರ ಬಿದ್ದವರ ಬಗ್ಗೆ ಯಾರೂ ಅಡ್ಡಪ್ರಶ್ನೆ ಕೇಳುವುದಿಲ್ಲ. ಅಡ್ಡಪ್ರಶ್ನೆ ಇಲ್ಲದ ಕಡೆ ಕಥೆ ತನಗೆ ಬೇಕಾದ ಹಾಗೆ ಬೆಳೆಯುತ್ತದೆ. ನನ್ನ ಬಗ್ಗೆ ಬೆಳೆದಿರುವ ಕಥೆ ಇದು: ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಒಬ್ಬ ಬಾಯಿಬಡುಕಿ ರೇಡಿಯೋ ಯೋಜನಾ ಘಟಕಕ್ಕೆ ಬಂದಳು. ಮೇಲಧಿಕಾರಿ ಪುಟ್ಟಸ್ವಾಮಿಯವರ ಜೊತೆ ವಾದಕ್ಕೆ ನಿಂತಳು, ಗೆದ್ದಳು. ಅದರಿಂದ ವಸಂತಪುರದ ತಗ್ಗಿಗೆ ರೇಡಿಯೋ ಬಂತು, ಜೀವ ಉಳಿಯಿತು. ಚಪ್ಪಾಳೆ.

ಚಪ್ಪಾಳೆ ನನಗೂ ಇಷ್ಟ. ಆದರೆ ವಾದ ಕಲಿತವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ನಮ್ಮ ಪರವಾಗಿ ತೀರಾ ಚೆನ್ನಾಗಿ ಹೊಂದುವ ಸಾಕ್ಷ್ಯವನ್ನೇ ಮೊದಲು ಅನುಮಾನಿಸುತ್ತೇವೆ. ಈ ಕಥೆಯಲ್ಲಿ ನಾನು ಅತಿಯಾಗಿ ಚೆನ್ನಾಗಿ ಕಾಣುತ್ತೇನೆ. ಹಾಗಾಗಿ ಅನುಮಾನ.

ಬೀಳ್ಕೊಡುಗೆ ಎಂದರೆ ನಿವೃತ್ತಿ ಎಂದುಕೊಂಡು ನಗಬೇಡಿ. ನನಗಿನ್ನೂ ನಲವತ್ತಾಗಿಲ್ಲ. ನನ್ನನ್ನು ಕರೆದದ್ದು ಒಂದು ಜಾಲವನ್ನು ಯೋಜಿಸುವುದಕ್ಕೆ. ಜಾಲ ಎದ್ದು ನಿಂತಿತು, ಘಟಕಕ್ಕೆ ಬೀಗ ಬಿತ್ತು. ನಾನು ನಿವೃತ್ತಳಾದೆನೋ, ಕೆಲಸವೇ ನಿವೃತ್ತವಾಯಿತೋ ಎನ್ನುವುದನ್ನು ಇನ್ನೊಂದು ದಿನ ಚರ್ಚಿಸಬಹುದು. ಈಗ ಕಾಲೇಜೊಂದರಲ್ಲಿ ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ರೇಡಿಯೋ ಕೆಲಸಕ್ಕೆ ಸೇರುವ ಹೊಸಬರು ಆಗಾಗ ಬನಶಂಕರಿಯ ನಮ್ಮ ಮನೆಗೆ ಬಂದು, "ಮೇಡಂ, ಆ ಕೆಲಸದಲ್ಲಿ ನಿಜವಾಗ್ಲೂ ಏನಿರುತ್ತೆ?" ಎಂದು ಕೇಳುತ್ತಾರೆ. ಟವರು, ತರಂಗ, ಲೆಕ್ಕ ಎಂಬ ಉತ್ತರದ ನಿರೀಕ್ಷೆಯಲ್ಲಿರುತ್ತಾರೆ. ಅವೂ ಇವೆ. ಆದರೆ ಹೆಚ್ಚಿನ ಪಾಲು ಇರುವುದು ಜನ.

ಮೊದಲು ಜಾಲ ಎಂದರೇನು ಎಂದು ಹೇಳಿಬಿಡುತ್ತೇನೆ. ಹಿಂದೆ ಪೊಲೀಸರಿಗೆ ಒಂದು ರೇಡಿಯೋ, ಅಗ್ನಿಶಾಮಕ ದಳಕ್ಕೆ ಒಂದು, ಆಂಬುಲೆನ್ಸಿಗೆ ಮತ್ತೊಂದು. ಒಂದೇ ರಸ್ತೆಯಲ್ಲಿ ಮೂವರೂ ಅಕ್ಕಪಕ್ಕ ನಿಂತಿದ್ದರೂ ಒಬ್ಬರ ಮಾತು ಇನ್ನೊಬ್ಬರ ಸೆಟ್ಟಿಗೆ ಬರುತ್ತಿರಲಿಲ್ಲ. ಪೊಲೀಸ್ ತನ್ನ ಕಂಟ್ರೋಲ್ ರೂಮಿಗೆ ಹೇಳಬೇಕು, ಅವರು ಫೈರ್ ಕಂಟ್ರೋಲಿಗೆ ಫೋನ್ ಮಾಡಬೇಕು, ಅಲ್ಲಿಂದ ಮತ್ತೆ ಅದೇ ರಸ್ತೆಗೆ ಮಾತು ವಾಪಸ್ ಬರಬೇಕು. ಕೈಗೆಟುಕುವ ಮನುಷ್ಯನಿಗೆ ಊರೆಲ್ಲ ಸುತ್ತಿಸಿ ಸುದ್ದಿ ಕಳಿಸಿದ ಹಾಗೆ. ಮೂವರಿಗೂ ಒಂದೇ ಜಾಲ ಕೊಡುವುದು, ಬೇಕಾದಾಗ ಅವರ ಮಾತುಗಳನ್ನು ಜೋಡಿಸುವುದು ನಮ್ಮ ಯೋಜನೆ. ದಕ್ಷಿಣ ಬೆಂಗಳೂರು ನನ್ನ ಪಾಲಿಗೆ ಬಂದಿತ್ತು.

ಕೇಳುವುದಕ್ಕೆ ಸುಲಭ. ಆದರೆ ವಠಾರದ ನಲ್ಲಿಯನ್ನು ನೆನಪಿಸಿಕೊಳ್ಳಿ. ಒಂದು ನಲ್ಲಿ, ಮೂರು ಸಂಸಾರ. ಮೊದಲ ಸಭೆಯಲ್ಲಿ ಎದ್ದದ್ದು ಅದೇ ಜಗಳ. ಪೊಲೀಸರ ಕಡೆಯ ಅಧಿಕಾರಿ ಹೇಳಿದರು, "ದಿನವಿಡೀ ಮಾತಾಡೋರು ನಾವು. ಜಾಗ ಜಾಸ್ತಿ ನಮಗೇ ಬೇಕು. ಫೈರ್‌ನೋರು ವಾರಕ್ಕೊಂದ್ಸಲ ಬಾಯಿ ಬಿಟ್ರೆ ಹೆಚ್ಚು."

ಅಗ್ನಿಶಾಮಕ ಠಾಣೆಯ ಅಧಿಕಾರಿ ದೇವರಾಜ್ ಮೇಜಿನ ಆ ಬದಿಯಲ್ಲಿ ಕೈಕಟ್ಟಿ ಕೂತಿದ್ದರು. ದಪ್ಪ ಮೀಸೆ, ಕಡಿಮೆ ಮಾತು. "ನಿಜ ಸಾರ್," ಎಂದರು. "ನಾವು ಸುಮ್ನೆ ಇರೋ ದಿನ ಊರು ಚೆನ್ನಾಗಿದೆ ಅಂತ. ನಾವು ಬಾಯಿ ಬಿಟ್ಟ ದಿನ ನೀವೆಲ್ಲ ಸುಮ್ನಿರ್ಬೇಕು. ಅಷ್ಟೇ ನಾನ್ ಕೇಳೋದು."

ಇದಕ್ಕಿಂತ ಒಳ್ಳೆಯ ವಾದವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. ಸೆಟ್ಟಿನ ತಲೆಯ ಮೇಲಿನ ಕಿತ್ತಳೆ ಗುಂಡಿ ಒತ್ತಿದರೆ ಮಿಕ್ಕವರ ಮಾತು ನಿಂತು, ಒತ್ತಿದವನ ಮಾತು ಮೊದಲು ಹೋಗುವ ಏರ್ಪಾಡು ಅವತ್ತು ಒಪ್ಪಿಗೆಯಾಯಿತು. ಹೊಸಬರೇ, ಗುರುತು ಹಾಕಿಕೊಳ್ಳಿ: ಹಂಚಿಕೆ ಎಂದರೆ ಸಮಪಾಲು ಅಲ್ಲ, ಸರದಿಯೂ ಅಲ್ಲ.

ನಾವು ಮಾಡಿದ ಎಡವಟ್ಟುಗಳಿಗೂ ಕೊರತೆಯಿಲ್ಲ. ಜಯನಗರದಲ್ಲಿ ಸಿಗ್ನಲ್ ಅಳೆದದ್ದು ಮರಗಳು ಎಲೆ ಉದುರಿಸಿ ನಿಂತಿದ್ದ ಚಳಿಗಾಲದ ಕೊನೆಯಲ್ಲಿ. ಅಂಕಿಗಳು ಅದ್ಭುತವಾಗಿದ್ದವು. ಒಬ್ಬರಿಗೊಬ್ಬರು ಬೆನ್ನು ತಟ್ಟಿಕೊಂಡೆವು. ಮಳೆ ಬಿದ್ದು ಮರಗಳು ತುಂಬಿಕೊಂಡ ಮೇಲೆ ಅದೇ ಬೀದಿಗಳಲ್ಲಿ ಸೆಟ್ಟುಗಳು ಉಗ್ಗಿ ಉಗ್ಗಿ ಮಾತಾಡತೊಡಗಿದವು. ಒದ್ದೆ ಎಲೆ ತರಂಗವನ್ನು ಕುಡಿಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆವು. ಜಯನಗರದಲ್ಲಿ ಮರಗಳಿವೆ ಎಂದು ಹುಟ್ಟಿದಾಗಿನಿಂದ ಗೊತ್ತಿತ್ತು. ಎರಡು ತಿಳಿವಳಿಕೆಗಳೂ ಒಂದೇ ತಲೆಯಲ್ಲಿದ್ದವು, ಪರಸ್ಪರ ಪರಿಚಯವಿರಲಿಲ್ಲ. "ಮರ ಕಡಿಸೋಣ್ವಾ?" ಎಂದು ಒಬ್ಬ ಕಿರಿಯ ಇಂಜಿನಿಯರ್ ಕೇಳಿದ. ಪುಟ್ಟಸ್ವಾಮಿಯವರು ಅವನನ್ನೊಮ್ಮೆ ನೋಡಿ, "ಮೊದ್ಲು ನಿನ್ನ ಕಡೀತಾರೆ ಜಯನಗರದೋರು" ಎಂದರು. ಆಂಟೆನಾ ಎತ್ತರಿಸಿ ಮತ್ತೆ ಅಳೆದೆವು.

ಪುಟ್ಟಸ್ವಾಮಿಯವರ ಬಗ್ಗೆ ಹೇಳಬೇಕು. ಘಟಕದ ಮುಖ್ಯಸ್ಥರು. ವೈರ್‌ಲೆಸ್ ಆಪರೇಟರ್ ಆಗಿ ಸೇರಿ ಮೇಲೆ ಬಂದವರು. ಬಿಳಿ ಅಂಗಿ, ಜೇಬಿನಲ್ಲಿ ಅಡಿಕೆ ಪುಡಿ, ಮುಖದಲ್ಲಿ ಏನೂ ತೋರದ ಶಾಂತಿ. ನಾನು ಮೊದಲ ವಾರವೇ ಅವರ ಮೂರು ತೀರ್ಮಾನಗಳನ್ನು ಪ್ರಶ್ನಿಸಿದೆ. ಕೋಪಿಸಿಕೊಳ್ಳಲಿಲ್ಲ. ಅಂದಿನಿಂದ ನನ್ನನ್ನು ಲಾಯರಮ್ಮ ಎಂದು ಕರೆಯತೊಡಗಿದರು, ಅಷ್ಟೇ.

ಈಗ ವಸಂತಪುರಕ್ಕೆ ಬರೋಣ. ನಮ್ಮ ಮುಖ್ಯ ಟವರ್ ಇದ್ದದ್ದು ಬನಶಂಕರಿಯ ದಿಣ್ಣೆಯ ಮೇಲೆ. ಅಲ್ಲಿಂದ ಕೋಣನಕುಂಟೆಯವರೆಗೆ ನೆಟ್ಟಗೆ ದೃಷ್ಟಿ ಹರಿಯುತ್ತದೆ. ವಸಂತಪುರದ ಗುಡ್ಡದ ಆಚೆಗೆ ಮಾತ್ರ ನೆಲ ಇಳಿಯುತ್ತದೆ. ಒಂದು ಕಾಲದ ಹೊಲಗಳ ಮೇಲೆ ಈಗ ಒತ್ತೊತ್ತಾಗಿ ಮನೆಗಳು, ಸಣ್ಣ ಗೋಡೌನುಗಳು, ಆಟೋ ತಿರುಗಲಾರದ ಗಲ್ಲಿಗಳು. ಪೊಲೀಸರ ಹಳೆಯ ಸೆಟ್ಟುಗಳು ಕರಕರ ಎನ್ನುತ್ತಲೇ ಅಲ್ಲಿ ಹೇಗೋ ಕೆಲಸ ಮಾಡುತ್ತಿದ್ದವು. ನಮ್ಮ ನಕ್ಷೆಯಲ್ಲಿ ಆ ತಗ್ಗೂ ಹಸಿರಾಗಿತ್ತು. ಹಸಿರು ಎಂದರೆ ಹೊಸ ಜಾಲ ಅಲ್ಲಿ ಚೆನ್ನಾಗಿ ಮುಟ್ಟುತ್ತದೆ ಎಂದರ್ಥ. ನಕ್ಷೆಗೆ ಸಮಿತಿಯ ಮುದ್ರೆ ಬಿದ್ದರೆ ಹಳೆಯ ಸೆಟ್ಟುಗಳನ್ನು ವಾಪಸ್ ಪಡೆಯುತ್ತಾರೆ. ಆಮೇಲೆ ಹಿಂದಿರುಗುವ ದಾರಿಯಿಲ್ಲ. ಆ ಹಸಿರು ಸುಳ್ಳಾಗಿದ್ದರೆ, ಆ ಗಲ್ಲಿಗಳಿಗೆ ನುಗ್ಗುವ ದೇವರಾಜರ ತಂಡ ಕರೆದರೆ ಕೇಳುವವರು ಯಾರೂ ಇರುವುದಿಲ್ಲ.

ಹಸಿರು ಬಳಿಯುವ ವಿಧಾನ ಇಷ್ಟೇ. ಒಬ್ಬ ಅಧಿಕಾರಿ ಜೀಪಿನಲ್ಲಿ ಬೀದಿ ಬೀದಿ ಸುತ್ತುತ್ತಾರೆ. ನಿಂತ ಕಡೆಯಿಂದ ಸೆಟ್ಟಿನಲ್ಲಿ ಕೇಳುತ್ತಾರೆ: "ಹೇಗೆ ಕೇಳಿಸ್ತಾ ಇದೆ?" ಕಂಟ್ರೋಲ್ ರೂಮಿನ ಆಪರೇಟರ್ ಉತ್ತರಿಸುತ್ತಾರೆ. ಅದರ ಪ್ರಕಾರ ಬಣ್ಣ. ತಿಂಗಳುಗಟ್ಟಲೆ ಹೀಗೆ ಸುತ್ತಿದ್ದೆವು. ಸಾಮಾನ್ಯವಾಗಿ ಜೀಪಿನಲ್ಲಿ ನಾನು ಅಥವಾ ಬೇರೆ ಇಂಜಿನಿಯರ್, ಕಂಟ್ರೋಲ್ ರೂಮಿನಲ್ಲಿ ಸರೋಜಕ್ಕ ಅಥವಾ ಅವರ ಜೊತೆಯವರು. ಸರೋಜಕ್ಕ ಹಿರಿಯ ಆಪರೇಟರ್. ಗದ್ದಲದ ನಡುವೆಯೂ ದನಿ ಏರಿಸದೆ ಐದಾರು ಗಾಡಿಗಳನ್ನು ನಿಭಾಯಿಸುತ್ತಿದ್ದರು.

ನಕ್ಷೆ ಸಮಿತಿಗೆ ಹೋಗುವ ಮುಂಚೆ ಕೊನೆಯದೊಂದು ಸುತ್ತು. ಅವತ್ತು ಪುಟ್ಟಸ್ವಾಮಿಯವರು ಟೋಪಿ ಹಾಕಿಕೊಂಡು ಎದ್ದು ನಿಂತರು. "ಇವತ್ತು ಜೀಪಲ್ಲಿ ನಾನ್ ಹೋಗ್ತೀನಿ. ಲಾಯರಮ್ಮ, ನೀನು ಕಂಟ್ರೋಲಲ್ಲಿ ಕೂತ್ಕೊ."

"ಸರೋಜಕ್ಕ ಇದಾರಲ್ಲ ಸಾರ್."

"ಅವಳ ಪಕ್ಕದಲ್ಲಿ ಕೂತ್ಕೊ ಅಂದೆ. ಉತ್ತರ ನೀನು ಕೊಡು."

ಕೋಣನಕುಂಟೆ ಮುಗಿಯಿತು. ಮಾತು ಗಂಟೆ ಬಾರಿಸಿದ ಹಾಗಿತ್ತು. ಜೀಪು ವಸಂತಪುರದ ಗುಡ್ಡ ದಾಟಿ ಇಳಿಯಿತು. ಸ್ಪೀಕರಿನಲ್ಲಿ ನೀರಿನೊಳಗಿಂದ ಯಾರೋ ಮಾತಾಡಿದ ಹಾಗೆ ತುಂಡು ತುಂಡು ಸದ್ದು ಬಂದು ನಿಂತಿತು. ಕೊನೆಗೆ ದನಿ ಏರಿದ್ದರಿಂದ ಅದು ಪ್ರಶ್ನೆ ಎಂದು ಗೊತ್ತಾಯಿತು.

ನಾನು ಗುಂಡಿ ಒತ್ತಿ ಹೇಳಿದೆ, "ಏನೂ ಅರ್ಥ ಆಗ್ಲಿಲ್ಲ ಸಾರ್."

ಸರೋಜಕ್ಕ ನನ್ನ ಮೊಣಕೈ ಹಿಡಿದುಕೊಂಡರು. "ಯಾಕಮ್ಮ ಹಂಗಂದೆ? ಸಾಹೇಬ್ರು ಬಿಸಿಲಲ್ಲಿ ನಿಂತವ್ರೆ."

"ಕೇಳಿಸ್ಲಿಲ್ವಲ್ಲ ಅಕ್ಕ. ನಿಮಗೆ ಕೇಳಿಸ್ತಾ?"

"ದನಿ ಬಂತಲ್ಲ. ಸಾಹೇಬ್ರೇ ಅಂತ ಗೊತ್ತಾಯ್ತಲ್ಲ. ಅದಕ್ಕೆ ಕ್ಲಿಯರ್ ಸಾರ್ ಅನ್ನೋದು."

"ಯಾವಾಗ್ಲೂ ಹಂಗೇ ಅಂತೀರಾ?"

ಅವರು ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು. "ದೊಡ್ಡೋರು 'ಹೇಗೆ ಕೇಳಿಸ್ತಾ ಇದೆ' ಅಂದ್ರೆ 'ನಿಮ್ಮ ಮಾತು ತಿಳೀತಿಲ್ಲ' ಅಂತ ಮುಖಕ್ಕೆ ಹೇಳ್ತಾರಾ? ಟ್ರೈನಿಂಗಲ್ಲೇ ಹೇಳ್ಕೊಟ್ಟಿರ್ತಾರೆ. ಅದು ನಮಸ್ಕಾರ ಇದ್ದ ಹಾಗೆ ಕಣಮ್ಮ."

ನನಗೆ ಕೂತಲ್ಲೇ ಕಣ್ಣು ತೆರೆದ ಹಾಗಾಯಿತು. ನಮ್ಮ ನಕ್ಷೆ ಅಳೆದದ್ದು ತರಂಗವನ್ನಲ್ಲ, ಮರ್ಯಾದೆಯನ್ನು. ಹಸಿರು ಕಂಡ ಕಡೆಯಲ್ಲೆಲ್ಲ ಎಷ್ಟು ಪಾಲು ಸಿಗ್ನಲ್, ಎಷ್ಟು ಪಾಲು ನಮಸ್ಕಾರ, ಹೇಳುವವರಿಲ್ಲ. ಬೀದಿಯಲ್ಲಿ ನಿಂತವರಿಗೂ ಇದು ತಿಳಿಯುವುದಿಲ್ಲ. ದಿಣ್ಣೆಯ ಮೇಲಿನ ಟವರಿಗೆ ದೊಡ್ಡ ಬಾಯಿ, ಅದರ ಮಾತು ತಗ್ಗಿಗೂ ಇಳಿಯುತ್ತದೆ. ಸೊಂಟದಲ್ಲಿರುವ ಸೆಟ್ಟಿಗೆ ಸಣ್ಣ ಬಾಯಿ, ಅದರ ಮಾತು ಗುಡ್ಡ ಹತ್ತಲಾರದು. "ಕ್ಲಿಯರ್ ಸಾರ್" ಎಂಬುದು ಮಾತ್ರ ಯಾವಾಗಲೂ ಕ್ಲಿಯರ್ ಆಗಿಯೇ ಕೇಳಿಸುತ್ತದೆ.

ಸಂಜೆ ಪುಟ್ಟಸ್ವಾಮಿಯವರು ಬಂದವರೇ ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲರಿಗೂ ಕೇಳಿಸಿದ್ದು ನಿನಗೊಬ್ಬಳಿಗೆ ಕೇಳಿಸ್ಲಿಲ್ವಾ?"

"ಎಲ್ಲರಿಗೂ ಕೇಳಿಸ್ತು ಅನ್ನೋದಕ್ಕೆ ಏನ್ ಸಾಕ್ಷಿ ಸಾರ್?"

"ಅವರೇ ಹೇಳಿದಾರಲ್ಲ."

"ಅವರು ಬೇರೆ ಏನೂ ಹೇಳೋ ಹಾಗೇ ಇಲ್ಲ. ಪ್ರಶ್ನೆನೇ ತಪ್ಪು ಸಾರ್. ಹೇಗೆ ಕೇಳಿಸ್ತು ಅಂದ್ರೆ ಮರ್ಯಾದೆ ಉತ್ತರ ಕೊಡುತ್ತೆ. ಏನು ಕೇಳಿಸ್ತು ಅಂದ್ರೆ ಕಿವಿ ಉತ್ತರ ಕೊಡುತ್ತೆ."

ಅವರು ಅಡಿಕೆ ಪುಡಿ ಬಾಯಿಗೆ ಹಾಕಿಕೊಂಡರು. "ನಕ್ಷೆ ತಯಾರಾಗಿದೆ. ಉದ್ಘಾಟನೆಗೆ ಮೇಲಿನವರು ಕಾಯ್ತಾ ಇದಾರೆ. ನೀನು ಹೇಳ್ದೆ ಅಂತ ನಾನು ಕೆಂಪು ಬಳಿಯೋಕಾಗಲ್ಲ. ತೋರ್ಸು."

ಮಾರನೆಯ ದಿನ ಜೀಪಿನಲ್ಲಿ ನಾನು ಹೊರಟೆ. ಏನು ಹೇಳಬೇಕು ಎಂದು ಯೋಚಿಸಿಯೇ ಇರಲಿಲ್ಲ. ಊಹಿಸಲಾಗದ ಪದಗಳು ಬೇಕಿದ್ದವು. ಕೋಣನಕುಂಟೆ ಕ್ರಾಸಿನಲ್ಲಿ ತರಕಾರಿ ಗಾಡಿಯೊಂದು ಎದುರಿಗಿತ್ತು. ಕಣ್ಣಿಗೆ ಬಿದ್ದದ್ದನ್ನು ಹೇಳಿದೆ: "ನವಿಲುಕೋಸು, ಹೀರೆಕಾಯಿ, ಸೀಮೆಬದನೆ. ಏನು ಕೇಳಿಸ್ತು?"

ಸರೋಜಕ್ಕನ ದನಿ ಬಂತು. "ನವಿಲುಕೋಸು, ಹೀರೆಕಾಯಿ, ಸೀಮೆಬದನೆ. ಹೀರೆಕಾಯಿ ಎಳೇದಿದ್ರೆ ನನಗೊಂದರ್ಧ ಕೇಜಿ ತಗೊಂಬಾ."

ಹಸಿರು, ಈ ಸಲ ನಿಜವಾದದ್ದು. ಮಧ್ಯೆ ಯಾವುದೋ ಗಸ್ತು ವಾಹನದವನು ಬಾಯಿ ಹಾಕಿದ, "ಕಂಟ್ರೋಲ್, ಬೀನ್ಸ್ ಹೆಂಗೆ ಇವತ್ತು?" ಸರೋಜಕ್ಕ ಗದರಿದರು, "ನಿಂದು ಗಾಡಿ ಎಲ್ಲಿದೆ ಮೊದ್ಲು ಹೇಳಪ್ಪ." ಗುಡ್ಡ ದಾಟಿ ಇಳಿದು ಮತ್ತೆ ಮೂರು ತರಕಾರಿ ಹೇಳಿದೆ. ಈ ಸಲ ಸರೋಜಕ್ಕ ನಿಧಾನವಾಗಿ ಹೇಳಿದರು, "ನೀನೇ ಅಂತ ಗೊತ್ತಾಯ್ತಮ್ಮ. ಏನಂದೆ ಅಂತ ಗೊತ್ತಾಗ್ಲಿಲ್ಲ."

ಆ ಕೆಲಸದಲ್ಲಿ ಎಷ್ಟೋ ವರ್ಷ ಇದ್ದವರಿಗೆ ಆ ವಾಕ್ಯ ಆಡುವುದು ಸುಲಭವಲ್ಲ. ನನ್ನ ಹೆಮ್ಮೆಯಲ್ಲಿ ಅವರದ್ದೂ ದೊಡ್ಡ ಪಾಲಿದೆ. ಎರಡು ವಾರ ಬೀದಿ ಬೀದಿಯಲ್ಲೂ ತರಕಾರಿ ಕೂಗಿದೆವು. ಗುಡ್ಡದ ಆಚೆಯ ತಗ್ಗು ಪೂರ್ತಿ ಕೆಂಪಾಯಿತು.

ಸಮಿತಿಯ ಸಭೆ. ಅಧ್ಯಕ್ಷತೆ ವಹಿಸಿದ್ದ ದೊಡ್ಡ ಸಾಹೇಬರಿಗೆ ಕೆಂಪು ನೋಡಿ ಹುಬ್ಬು ಗಂಟಾಯಿತು. "ಕರಡು ನಕ್ಷೆಯಲ್ಲಿ ಹಸಿರಿತ್ತಲ್ಲ. ಏನ್ರೀ ಪುಟ್ಟಸ್ವಾಮಿ, ನೆಲ ಕುಸೀತಾ?"

ಪುಟ್ಟಸ್ವಾಮಿಯವರು ಎದ್ದು, "ನಮ್ಮ ಇಂಜಿನಿಯರ್ ಹೇಳ್ತಾರೆ ಸಾರ್" ಎಂದು ಕೂತುಬಿಟ್ಟರು. ನಾನು ಹೇಳಿದೆ. ಸಾಹೇಬರು ಒಪ್ಪಲಿಲ್ಲ. "ತರಕಾರಿ ಹೆಸರಿನ ಮೇಲೆ ಉದ್ಘಾಟನೆ ಮುಂದೂಡೋಕಾಗುತ್ತಾ?" ಎಂದರು.

ದೇವರಾಜ್ ಆ ತುದಿಯಿಂದ ಹೇಳಿದರು, "ಆ ತಗ್ಗಿಗೆ ಹೊಸ ಜಾಲ ಮುಟ್ಟೋವರೆಗೂ ಹಳೇ ಸೆಟ್ಟುಗಳನ್ನ ಯಾರೂ ವಾಪಸ್ ತಗೋಬಾರ್ದು ಸಾರ್. ಅಲ್ಲಿ ನಮ್ಮ ಹುಡುಗರು ಒಳಗಿರುವಾಗ ಹೊರಗೆ ನಿಂತಿರೋ ಪೊಲೀಸ್‌ನೋರೇ ನಮಗೆ ಕಣ್ಣು."

ನಾನು ಮೊದಲೇ ಹೇಳಿಟ್ಟಿದ್ದಂತೆ ಸರೋಜಕ್ಕ ಅಷ್ಟು ಹೊತ್ತಿಗೆ ಸೆಟ್ಟು ಹಿಡಿದು ಜೀಪಿನಲ್ಲಿ ವಸಂತಪುರದ ತಗ್ಗಿಗೆ ಇಳಿದಿದ್ದರು. ಸಭೆಯ ಮೇಜಿನ ಮೇಲಿದ್ದ ಸೆಟ್ಟಿನ ದನಿ ಜಾಸ್ತಿ ಮಾಡಿದೆ. ತುಂಡು ತುಂಡು ಸದ್ದು ಬಂದು ನಿಂತಿತು. ಸಾಹೇಬರು ಪಕ್ಕದಲ್ಲಿ ಕೂತಿದ್ದ ತಮ್ಮ ಇನ್ಸ್‌ಪೆಕ್ಟರ್ ಕಡೆ ತಿರುಗಿ, ಅಭ್ಯಾಸದಂತೆ, "ಹೇಗೆ ಕೇಳಿಸ್ತಪ್ಪ?" ಎಂದರು.

"ಕ್ಲಿಯರ್ ಸಾರ್."

"ಏನಂದ್ರು ಅಂತ ಕೇಳಿ ಸಾರ್," ಎಂದೆ ನಾನು.

"ಏನಂದ್ರಪ್ಪ?"

ಇನ್ಸ್‌ಪೆಕ್ಟರ್ ಸೆಟ್ಟನ್ನೇ ನೋಡುತ್ತ ಕೂತರು. ಸಾಹೇಬರ ಮುಖ ನಿಧಾನವಾಗಿ ಸಡಿಲವಾಯಿತು. "ಇವನು ದಿನಾ ನನಗೆ ಇನ್ನೂ ಏನೇನು ಕ್ಲಿಯರ್ ಅಂದಿದಾನೋ," ಎಂದರು. ಮೊದಲು ನಕ್ಕವರು ದೇವರಾಜ್. ಉದ್ಘಾಟನೆ ಮುಂದಕ್ಕೆ ಹೋಯಿತು, ಹಳೆಯ ಸೆಟ್ಟುಗಳು ಉಳಿದವು, ತಗ್ಗಿನಲ್ಲಿ ಇನ್ನೊಂದು ಸಣ್ಣ ಟವರಿಗೆ ಒಪ್ಪಿಗೆ ಸಿಕ್ಕಿತು.

ಟವರಿಗೆ ಜಾಗ ಬೇಕಿತ್ತು. ಪುಟ್ಟಸ್ವಾಮಿಯವರು ಗಾಡಿಯನ್ನು ನೇರವಾಗಿ ತಗ್ಗಿನಲ್ಲಿದ್ದ ಮುನಿರಾಜಣ್ಣನವರ ಮನೆಗೆ ಬಿಡಿಸಿದರು. ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆಯುತ್ತಿದ್ದವರು, ಈಗ ನಾಲ್ಕಂತಸ್ತಿನ ಕಟ್ಟಡದ ಮಾಲೀಕರು. ಮೇಲಿನ ಮೂರು ಅಂತಸ್ತು ಬಾಡಿಗೆಗೆ. ಅವರು ಅಡ್ಡಡ್ಡ ತಲೆಯಾಡಿಸಿದರು. "ಟವರ್ ಇಟ್ರೆ ಬಾಡಿಗೆಯೋರು ಗಂಟುಮೂಟೆ ಕಟ್ತಾರೆ ಸಾರ್. ಫೋನ್ ಕಂಪ್ನಿಯೋರು ಬಂದಾಗ್ಲೇ ಬ್ಯಾಡ ಅಂದಿವ್ನಿ."

"ಇದು ಫೋನ್‌ದಲ್ಲ ಅಣ್ಣ," ಎಂದು ನಾನು ವಾದ ಶುರುಮಾಡಿದೆ. ಒಳ್ಳೆಯ ವಾದವೇ. ಅವರ ಮೇಲೆ ಏನೂ ನಾಟಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಗೌರಮ್ಮ ಕಾಫಿ ತಂದರು. ಪುಟ್ಟಸ್ವಾಮಿಯವರನ್ನು ನೋಡಿ, "ಓ, ಆವತ್ತು ಬಂದಿದ್ರಲ್ಲ ಸಾರ್ ನೀವು. ಮಾಳಿಗೆ ಹತ್ತಿ ಬನಶಂಕರಿ ಕಡೆನೇ ನೋಡ್ಕೊಂಡು ನಿಂತಿದ್ರಲ್ಲ. ಯುಗಾದಿ ಹಿಂದಲ ವಾರ," ಎಂದರು.

"ಬಾಡಿಗೆಗೆ ಮನೆ ನೋಡ್ತಿದ್ದೆ ತಾಯಿ," ಎಂದು ಪುಟ್ಟಸ್ವಾಮಿಯವರು ಕಾಫಿ ಲೋಟಕ್ಕೆ ಮುಖ ತಗ್ಗಿಸಿದರು. ಆಮೇಲೆ ಮುನಿರಾಜಣ್ಣನಿಗೆ ಒಂದೇ ಮಾತು ಹೇಳಿದರು, "ನಿಮ್ಮ ಗಲ್ಲಿಗೆ ಫೈರ್ ಎಂಜಿನ್ ಬರಲ್ಲ, ಹುಡುಗರು ನಡ್ಕೊಂಡೇ ಬರ್ಬೇಕು. ಅವರು ಕೂಗಿದ್ದು ಯಾರಿಗಾದ್ರೂ ಕೇಳಿಸ್ಬೇಕಲ್ಲ." ಮುನಿರಾಜಣ್ಣ ಹೆಂಡತಿಯ ಮುಖ ನೋಡಿದರು. ಗೌರಮ್ಮ, "ನೀರಿನ ಟ್ಯಾಂಕ್ ಪಕ್ಕ ಇಟ್ಕೊಳ್ಳಿ, ಬಟ್ಟೆ ಒಣಗಾಕೋ ಜಾಗ ಬಿಟ್ಟು," ಎಂದರು. ವಾದ ಮುಗಿಯಿತು.

ಟವರ್ ನಿಂತ ಮೇಲಿನ ಬೇಸಿಗೆ. ಮಧ್ಯಾಹ್ನ ಅದೇ ತಗ್ಗಿನ ಹಾಸಿಗೆ ಗೋಡೌನಿಗೆ ಬೆಂಕಿ ಬಿತ್ತು. ದೇವರಾಜರ ತಂಡ ಮುಂದಿನ ಬಾಗಿಲಿನಿಂದ ಒಳಗೆ ಹೋಗಿತ್ತು. ಹಿಂದಿನ ಗಲ್ಲಿಯಲ್ಲಿ ಜನರನ್ನು ತಡೆಯುತ್ತಿದ್ದ ಒಬ್ಬ ಕಾನ್‌ಸ್ಟೇಬಲ್‌ಗೆ ಗೋಡೆ ಬಾಗುತ್ತಿರುವುದು ಕಂಡಿತು. ನಾನು ಆಗ ಕಂಟ್ರೋಲ್ ರೂಮಿನಲ್ಲೇ ಇದ್ದೆ. ಅವನು ಕಿತ್ತಳೆ ಗುಂಡಿ ಒತ್ತಿದ. ಊರಿನ ಮಿಕ್ಕ ಮಾತೆಲ್ಲ ನಿಂತಿತು. "ಹಿಂದಿನ ಗೋಡೆ ಬೀಳ್ತಾ ಇದೆ, ಒಳಗಿರೋರು ಹೊರಗೆ ಬರ್ಲಿ." ಸರೋಜಕ್ಕ ಅವನ ಮಾತನ್ನು ಫೈರ್‌ನವರ ಸೆಟ್ಟಿಗೆ ಜೋಡಿಸಿ, "ಒಳಗಿರೋರೇ, ಏನು ಕೇಳಿಸ್ತು?" ಎಂದರು.

ಹೊಗೆ ನುಂಗಿದ ದನಿಯೊಂದು ಬಂತು. "ಹಿಂದಿನ ಗೋಡೆ ಬೀಳ್ತಿದೆ. ಎಲ್ಲರೂ ಹೊರಗೆ."

ಅವರು ಹೊರಗೆ ಬಂದ ಮೇಲೆ ಗೋಡೆ ಬಿತ್ತು. ದೇವರಾಜ್ ಸಂಜೆ ಫೋನ್ ಮಾಡಿ, "ನವಿಲುಕೋಸು ಮೇಡಂ," ಎಂದು ಇಟ್ಟರು. ನನ್ನ ಕೆಲಸದ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಪದಕ ಸಿಕ್ಕಿಲ್ಲ, ಬೇಕಾಗಿಯೂ ಇಲ್ಲ. ಇವತ್ತಿಗೂ ದಕ್ಷಿಣದ ಕಂಟ್ರೋಲ್ ರೂಮಿನಲ್ಲಿ "ಹೇಗೆ ಕೇಳಿಸ್ತಾ ಇದೆ" ಎಂದು ಯಾರೂ ಕೇಳುವುದಿಲ್ಲ. ಈ ಕೆಲಸಕ್ಕೆ ಬರುವವರು ಬೇರೆಲ್ಲ ಮರೆತರೂ ಇದೊಂದನ್ನು ಉಳಿಸಿಕೊಳ್ಳಿ.

ಇಲ್ಲಿಗೆ ಬೀಳ್ಕೊಡುಗೆಯ ಕಥೆ ಮುಗಿಯುತ್ತದೆ. ನನ್ನ ಅನುಮಾನ ಶುರುವಾಗುವುದು ಇಲ್ಲಿಂದ.

ಗೆಲ್ಲುವ ಭರದಲ್ಲಿದ್ದಾಗ ಕಿವಿಗೆ ಬಿದ್ದೂ ಕೇಳಿಸದ ಮಾತುಗಳಿರುತ್ತವೆ. ಗೌರಮ್ಮ ಹೇಳಿದ್ದು ಅಂಥದ್ದು. ಯುಗಾದಿಯ ಹಿಂದಿನ ವಾರ ಎಂದರೆ ನಾನು ಕಂಟ್ರೋಲ್ ರೂಮಿನಲ್ಲಿ ಕೂತದ್ದಕ್ಕಿಂತ ಬಹಳ ಮುಂಚೆ. ಜಯನಗರದಲ್ಲಿ ಸ್ವಂತ ಮನೆಯಿರುವ ಮನುಷ್ಯ ವಸಂತಪುರದ ಮಾಳಿಗೆ ಹತ್ತಿ ನಮ್ಮ ಟವರ್ ಇರುವ ದಿಕ್ಕನ್ನೇ ಯಾಕೆ ನೋಡುತ್ತಾನೆ? ಎಂದೂ ಜೀಪು ಹತ್ತದವರು ಅವತ್ತೇ ಯಾಕೆ ಹತ್ತಿದರು? ಸರೋಜಕ್ಕ ಪಕ್ಕದಲ್ಲಿದ್ದರೂ ಉತ್ತರ ನಾನೇ ಕೊಡಬೇಕು ಎಂದದ್ದೇಕೆ? ಆಪರೇಟರ್ ಆಗಿ ಶುರುಮಾಡಿದವರು, ಕ್ಲಿಯರ್ ಸಾರ್ ಎಂಬುದರ ಅರ್ಥ ಅವರಿಗೆ ಗೊತ್ತಿರಲಿಲ್ಲವೇ?

ಪ್ರತಿವಾದವೂ ಇದೆ. ಎಲ್ಲವೂ ಕಾಕತಾಳೀಯ ಇರಬಹುದು. ತಗ್ಗಿನ ಹಸಿರು ಸುಳ್ಳೆಂದು ಗೊತ್ತಿದ್ದರೆ ಅವರೇ ಹೇಳುತ್ತಿದ್ದರಲ್ಲ? ಅದಕ್ಕೂ ಉತ್ತರ ಕೊಡಬಲ್ಲೆ: ಮೇಲಿನವರ ಮುಂದೆ ಬದುಕಿಡೀ ಕ್ಲಿಯರ್ ಸಾರ್ ಎಂದು ಬಂದವರಿಗೆ ಇಲ್ಲ ಎನ್ನುವ ನಾಲಗೆ ಎರವಲು ಬೇಕಾಗಿರಬಹುದು. ಎರಡೂ ಕಡೆ ವಾದಿಸಬಲ್ಲೆ. ತೀರ್ಪು ಮಾತ್ರ ನನ್ನ ಕೈಯಲ್ಲಿಲ್ಲ.

ಹೋದ ವಾರ ಜಯನಗರದ ಒಂದು ದರ್ಶಿನಿಯಲ್ಲಿ ಅವರು ಸಿಕ್ಕರು. ಅದೇ ಬಿಳಿ ಅಂಗಿ. "ಏನ್ ಲಾಯರಮ್ಮ, ಮಕ್ಕಳಿಗೂ ಜಗಳ ಕಲಿಸ್ತಾ ಇದೀಯಂತೆ," ಎಂದರು. ನಿಂತುಕೊಂಡೇ ಕಾಫಿ ಕುಡಿದೆವು. ಗೌರಮ್ಮನ ಮಾತನ್ನು ನೆನಪಿಸಿದೆ. ಅವರು ಲೋಟದ ಕಾಫಿಯನ್ನು ಬಟ್ಟಲಿಗೂ ಬಟ್ಟಲಿನದನ್ನು ಲೋಟಕ್ಕೂ ಸುರಿಯುತ್ತ ರಸ್ತೆಯ ಮರಗಳನ್ನು ನೋಡಿದರು. ನಾನು ತಿಳಿಯಬೇಕಿದ್ದದ್ದು, ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಎಂಬುದನ್ನಲ್ಲ. ಅದಕ್ಕಿಂತ ಮುಂದಿನದು. ಅದನ್ನೇ ಕೇಳಿದೆ:

"ಸಾರ್, ಅವತ್ತು ಆ ಕುರ್ಚಿಯಲ್ಲಿ ಕೂತು ನಾನೂ 'ಕ್ಲಿಯರ್ ಸಾರ್' ಅಂದುಬಿಟ್ಟಿದ್ರೆ, ನೀವು ಏನು ಮಾಡ್ತಿದ್ರಿ?"